ಅಲ್ಲಿ ರಿಂಗ್ ಆಗುತ್ತಿದ್ದ ಫೋನು

ಆ ದಿನ ನಾನು ರಿಸೀವರ್ ಎತ್ತಿ ನೋಡಿದೆನೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ. ಎತ್ತಿದ್ದೆ ಎನ್ನುತ್ತದೆ ನೆನಪು. ಆದರೆ ನನ್ನ ನೆನಪು ಯಾವಾಗಲೂ ನನ್ನ ಪಕ್ಷವೇ, ಅದಕ್ಕೇ ಅನುಮಾನ.

ಇದನ್ನೆಲ್ಲ ಕೆದಕಿದ್ದು ಮನೆಯ ಲಿನಕ್ಸ್ ಕಂಪ್ಯೂಟರು. ಅದಕ್ಕೆ ಕೇಬಲ್ಲೂ ಇದೆ, ವೈಫೈಯೂ ಇದೆ. ಒಂದು ಕೈಕೊಟ್ಟರೆ ಇನ್ನೊಂದು ತಾನಾಗಿ ಕೆಲಸಕ್ಕೆ ನಿಲ್ಲುತ್ತದಂತೆ. ಜೋಡಿಸಿಕೊಟ್ಟ ಗೆಳೆಯ "ಇನ್ನು ನಿಶ್ಚಿಂತೆ" ಎಂದ. ಆ ಮಾತು ಕೇಳಿದರೇ ನನ್ನ ನಿಶ್ಚಿಂತೆ ಹೋಗುತ್ತದೆ.

ಎಂಬತ್ತರ ದಶಕದ ಕೊನೆಗೆ ಮುಂಬಯಿಯ ಭಾಂಡುಪ್‌ನಲ್ಲಿ ನಾನೂ ಇಂಥದೇ ಏರ್ಪಾಟು ಮಾಡಿದ್ದೆ. ಹೆಂಡತಿ ಸುಮ ಚೊಚ್ಚಲ ಹೆರಿಗೆಗೆ ಮೈಸೂರಿಗೆ ಹೋಗಿದ್ದಳು. ಬಿ.ಪಿ. ಹೆಚ್ಚಿದೆ ಎಂದಿದ್ದರು ಡಾಕ್ಟರು, ನನಗೆ ರಜೆಯಿಲ್ಲ. ಅಲ್ಲಿದ್ದ ಅವಳ ತಮ್ಮ ನಾಗರಾಜನಿಗೆ ಹವ್ಯಾಸಿ ರೇಡಿಯೋ ಹುಚ್ಚು. ನಮ್ಮ ಬಿಲ್ಡಿಂಗಿನ ಮೇಲ್ಮಹಡಿಯ ಕಿಣಿಯವರಿಗೂ ಅದೇ. ಇಬ್ಬರೂ ಸಂಜೆ ವೈರ್‌ಲೆಸ್ಸಿನಲ್ಲಿ ಹರಟುವವರು. ಹಾಗಾಗಿ ನಿಯಮ ಮಾಡಿದೆ: ಸುದ್ದಿ ಫೋನಿನಲ್ಲಿ, ಫೋನ್ ಸತ್ತಿದ್ದರೆ ಮಾತ್ರ ವೈರ್‌ಲೆಸ್. ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿದವನು, ಸತ್ತಿದೆಯೆಂದು ತಿಳಿಯುವುದು ಹೇಗೆಂದು ಕೇಳಿಕೊಳ್ಳಲಿಲ್ಲ.

ಡಾಕ್ಟರು ಹೇಳಿದ ದಿನ ದಾಟಿತು. ಸುದ್ದಿಯಿಲ್ಲ. ಮಳೆಯ ಸದ್ದಿನಲ್ಲಿ ಕರೆ ಕೇಳದೇ ಹೋದೀತೆಂದು ಫೋನನ್ನು ಮಡಿಲಲ್ಲೇ ಇಟ್ಟುಕೊಂಡೆ. ಎತ್ತಿ ನೋಡೋಣವೆಂದರೆ, ಅದೇ ಗಳಿಗೆಗೆ ಅಲ್ಲಿಂದ ಕರೆ ಬಂದು ಎಂಗೇಜ್ ಆದರೆ? ಹೀಗೆ ಹೆದರಿ ನಾನು ರಿಸೀವರ್ ಎತ್ತಲೇ ಇಲ್ಲವೆಂಬುದು ಕಿಣಿಯವರ ವಾದ.

ಸಂಜೆ ಅವರು ಮೆಟ್ಟಿಲಿಳಿದು ಓಡಿ ಬಂದರು. "ಎಂತ ಮಾರಾಯ್ರೇ, ಮನೆಯಲ್ಲೇ ಇದ್ದೀರಾ? ನಿನ್ನೆಯಿಂದ ಫೋನ್ ಮಾಡಿ ಮಾಡಿ ಸಾಕಾಯ್ತಂತೆ ನಿಮ್ಮ ನಾಗರಾಜನಿಗೆ. ರಿಂಗ್ ಆಗ್ತದೆ, ಎತ್ತುವವರಿಲ್ಲ ಅಂತ ಬೈತಿದ್ದಾನೆ!"

"ಸುಮ ಹೇಗಿದ್ದಾಳೆ?"

"ಆರಾಮ. ಹೆಣ್ಣು ಮಗು. ಮೊದಲು ಕೂತ್ಕೊಳ್ಳಿ ನೀವು."

ನನ್ನ ಫೋನ್ ಮಳೆಗೆ ಸತ್ತುಬಿದ್ದಿತ್ತು. ಆದರೂ ನಾಗರಾಜ ಮಣಿಯಲಿಲ್ಲ. "ರಿಂಗ್ ಆಗ್ತಿತ್ತು ಭಾವ, ದೇವರಾಣೆ. ನೀವೇ ಲೋಕಲ್ ಹತ್ತಿ ಎಲ್ಲೋ ಸುತ್ತೋಕೆ ಹೋಗಿದ್ರಿ." ಹೆಂಡತಿ ಹೆರಿಗೆ ನೋವಿನಲ್ಲಿದ್ದಾಗ ಊರು ಸುತ್ತಿದವನೆಂದು ಮಾವನ ಮನೆಯಲ್ಲಿ ನನಗೆ ಹೆಸರಾಯಿತು. ಹತ್ತು ಜನ ಹೇಳಿದ ಮೇಲೆ ನನಗೂ, ನಿಜವಾಗಿ ಹೋಗಿದ್ದೆನೇನೋ ಎನ್ನಿಸತೊಡಗಿತು.

ಮಗಳು ಶಾಲೆಗೆ ಸೇರಿದ ಮೇಲೆ ಒಂದು ಭಾನುವಾರ, ಮನೆಯ ಫೋನಿನ ವೈರನ್ನು ಗೋಡೆಯಿಂದ ಕಿತ್ತು, ಸ್ಟೇಷನ್ ಪಕ್ಕದ ಬೂತಿಗೆ ಹೋಗಿ ನನ್ನದೇ ನಂಬರಿಗೆ ಫೋನ್ ಮಾಡಿದೆ. ಬೂತಿನವನು "ಘರ್ ಪೆ ಕೋಯೀ ನಹೀ ಹೈ ಸಾಬ್" ಎಂದು, ಮನೆಯಲ್ಲಿ ಯಾರೂ ಇಲ್ಲವೆಂದು ಕನಿಕರಪಟ್ಟ. ನನ್ನ ಕಿವಿಯಲ್ಲಿ, ವೈರ್ ಕಿತ್ತಿಟ್ಟ ಆ ಫೋನು ರಿಂಗ್ ಆಗುತ್ತಲೇ ಇತ್ತು.