ಮಜ್ಜಿಗೆಯಲ್ಲಿ ಕಲಸಿದ ಪುಡಿ

ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ವರ್ಷಗಟ್ಟಲೆ ದಿನಾ ಸಂಜೆ ನಾನು ಕುಡಿದಿದ್ದೇನೆ, ಆದರೂ ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಅವ್ವ ಇವತ್ತಿಗೂ ಹೇಳುವುದು ಇದನ್ನೇ. ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕದ ಮನೆ ನಮ್ಮದು. ಮುಂಜಾನೆ ನಾನು ಕಣ್ಣು ಕೆಂಪಾಗಿ ತಲೆ ಹಿಡಿದು ಕುಳಿತರೆ ಅದಕ್ಕೆ ಇಟ್ಟ ಹೆಸರು ಪಿತ್ತ. "ಅಂವಗ ಪಿತ್ತ ಆಗೇತಿ," ಎಂದು ಅವ್ವ ಬಂದವರಿಗೆ ಹೇಳುವುದು, ಹೆಂಡತಿ ಲಿಂಬೆಹಣ್ಣಿನ ಪಾನಕ ತಂದಿಡುವುದು, ನಾನು ತಲೆ ತಗ್ಗಿಸಿ ಕುಡಿಯುವುದು. ಎಂಥ ನಾಟಕ ಅಂತೀರಿ.

ನನ್ನದು ಪೈಪು, ಮೋಟಾರು ಸಾಮಾನಿನ ಅಂಗಡಿ. ಸಂಜೆ ಶಟರ್ ಇಳಿಸಿದೆನೆಂದರೆ ಗಾಡಿ ತಾನೇ ಸವದತ್ತಿ ರಸ್ತೆಯ ಧಾಬಾದ ಕಡೆ ತಿರುಗುತ್ತಿತ್ತು. ವಾಸನೆ ಬರದಂತೆ ಬಾಯಲ್ಲಿ ಬಡೇಸೋಪು ಹಾಕಿಕೊಂಡು ಊಟದ ಹೊತ್ತಿಗೆ ಮನೆ ಸೇರುತ್ತಿದ್ದೆ. ಗಟಾರದಲ್ಲಿ ಬಿದ್ದವನಲ್ಲ, ಹೆಂಡತಿಯ ಮೇಲೆ ಕೈ ಮಾಡಿದವನಲ್ಲ. ಅದೇ ತಪ್ಪಾಯಿತೋ ಏನೋ. ಬಿದ್ದವನನ್ನು ಎತ್ತಲು ನಾಲ್ಕು ಜನ ಬರುತ್ತಾರೆ, ನೆಟ್ಟಗೆ ನಡೆದುಕೊಂಡು ಮನೆಗೆ ಬರುವವನನ್ನು ಯಾರು ಕೇಳುತ್ತಾರೆ?

ಒಂದು ದಿನ ಧಾಬಾದವನ ಮನೆಯಲ್ಲಿ ಸಾವಾಗಿ ಬಾಗಿಲು ಹಾಕಿತ್ತು. ನಾನು ಗಾಡಿ ತಿರುಗಿಸಿ ಊರೊಳಗೆ ಬೇರೆ ಬಾರು ಹುಡುಕಿದೆ. ಬಾಗಿಲಲ್ಲೇ ಗುರುತಿನವರು ಕಂಡರು, ಒಳಗೆ ಕಾಲಿಡಲಾಗಲಿಲ್ಲ. ಅಲ್ಲಿಂದ ನೇರ ಕಿತ್ತೂರಿನ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರ್ ಒಂದರ ಹಿಂದೆ ಸಿಕ್ಕಿಕೊಂಡಾಗ, ನನ್ನ ಮೇಲೆಯೇ ಭಯಂಕರ ಸಿಟ್ಟು ಬಂತು. ಮೂಗುದಾರ ಹಿಡಿದು ಎಳೆದಂತೆ ಒಂದು ಬಾಟಲಿ ನನ್ನನ್ನು ಕಿತ್ತೂರಿಗೆ ಎಳೆದುಕೊಂಡು ಹೋಗುತ್ತಿದೆಯಲ್ಲ ಎಂದು. ಹಿಂದಿರುಗಲಿಲ್ಲ, ಹೋಗಿ ಕುಡಿದೇ ಬಂದೆ. ಆದರೆ ಮರುವಾರ ಬಸ್ಸು ಹತ್ತಿ ದವಾಖಾನೆಗೆ ಹೋದೆ. ನಮ್ಮೂರಿನದಲ್ಲ, ಸವದತ್ತಿಯದು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನದಲ್ಲಿ ನಮ್ಮನ್ನು ಯಾರು ಗುರುತಿಸುತ್ತಾರೆ ಎಂಬ ಧೈರ್ಯ.

ಅಲ್ಲಿ ಇಂಥದಕ್ಕೆಂದೇ ಸಲಹೆ ಕೊಡಲು ಕುಳಿತಿದ್ದವಳು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗುಡ್ಡದ ಎಲ್ಲಮ್ಮನ ಮೇಲೆ ಆಣೆ ಮಾಡಿ ಮುರಿದವನು ನಾನು ಎಂದು ಮೊದಲೇ ಹೇಳಿಬಿಟ್ಟೆ. ಆಣೆಯದು ಅದೇ ಕಷ್ಟ. ಒಂದು ಗುಟುಕು ಹೋದರೂ ಮುರಿದಂತೆ, ಮುರಿದ ಮೇಲೆ ಬಾಟಲಿ ಉಳಿಸಿ ಏನು ಪುಣ್ಯ ಎಂದು ಪೂರ್ತಿ ಕುಡಿಯುತ್ತಿದ್ದೆ.

ಅವಳು ನಗಲಿಲ್ಲ. "ಬಿಡತೇನಿ ಅಂತ ಆಣಿ ಮಾಡಬ್ಯಾಡ್ರಿ. ಒಮ್ಮಿಂದೊಮ್ಮೆಲೆ ನಿಲ್ಲಸಲೂ ಬ್ಯಾಡ್ರಿ. ಮದಲ ಕಡಿಮಿ ಮಾಡೂಣು," ಎಂದಳು. ಕುಡಿಯಲು ಹೋಗುವುದಿದ್ದರೆ ಉಂಡೇ ಹೋಗಬೇಕು. ಕಣ್ಣಂದಾಜಿನಲ್ಲಿ ಸುರಿಯದೆ ಅಳೆದು ಸುರಿಯಬೇಕು. ಕೆಲವು ಸಂಜೆ ಅಂಗಡಿಯನ್ನೇ ತಡವಾಗಿ ಮುಚ್ಚಬೇಕು. ಆಗಾಗ ಬಂದು ತೋರಿಸಿಕೊಳ್ಳಬೇಕು. ಎಲ್ಲಕ್ಕೂ ಹೂಂ ಅಂದೆ. ಏಳುವಾಗ ಅವಳು ಇನ್ನೊಂದು ಹೇಳಿದಳು. "ಮನ್ಯಾಗ ಒಬ್ಬರಿಗರೆ ಖರೆ ಹೇಳ್ರಿ. ಒಬ್ಬರ ಆಸರಾ ಬೇಕಾಕ್ಕತಿ."

ಅಂದು ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಬೆನ್ನಿಗೆ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು. ತಿರುಗಲಿಲ್ಲ. "ಆತು," ಎಂದಳು, ಮತ್ತೆ ಬಡಿಯತೊಡಗಿದಳು.

ಆ ಸಂಜೆಗಳು ಹೇಗೆ ಕಳೆದವು ಎಂಬುದು ನನಗೊಬ್ಬನಿಗೇ ಗೊತ್ತು. ಹೊತ್ತು ಮುಳುಗುವಾಗ ಅಂಗಡಿಯಲ್ಲಿ ಕುಳಿತು ನಟ್ಟು, ವಾಷರುಗಳನ್ನು ಸುಮ್ಮಸುಮ್ಮನೆ ಬೇರ್ಪಡಿಸುತ್ತಿದ್ದೆ. ಬಂದ ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದೆ. ಧಾಬಾಕ್ಕೆ ಹೋದರೂ ಅಳೆದು ಸುರಿಯುವ ನನ್ನನ್ನು ನೋಡಿ ಗೆಳೆಯರು "ಏನಪಾ, ಔಷಧಿ ಅಂಗಡಿ ಇಟ್ಟೀಯೇನು," ಎಂದು ಚೇಷ್ಟೆ ಮಾಡಿದರು. ಹಲ್ಲು ಕಚ್ಚಿಕೊಂಡೆ. ನಿಧಾನಕ್ಕೆ ಅರ್ಧಕ್ಕೆ ಇಳಿಯಿತು. ಕುಡಿಯದ ಸಂಜೆಗಳೂ ಬಂದವು. ಎಷ್ಟೋ ವರ್ಷಗಳ ಮೇಲೆ ನನ್ನ ಬಗ್ಗೆ ನನಗೇ ಹೆಮ್ಮೆ ಅನಿಸಿದ್ದು ಆಗ.

ಅಷ್ಟರಲ್ಲಿ ಒಂದು ಸಂಜೆ ಧಾಬಾದಲ್ಲಿ ಮೊದಲ ಗುಟುಕಿಗೇ ಮುಖ ಬೆಂಕಿಯಾಯಿತು. ಎದೆ ಹೊಡೆದುಕೊಂಡ ರಭಸಕ್ಕೆ ಪ್ರಾಣ ಹೋಯಿತು ಎಂದುಕೊಂಡೆ. ಕರುಳು ಕಿತ್ತು ಬರುವಂತೆ ವಾಂತಿ. ಗೆಳೆಯರು ನನ್ನನ್ನು ಗಾಡಿಯ ಮೇಲೆ ತಮ್ಮ ನಡುವೆ ಕೂರಿಸಿಕೊಂಡು ದವಾಖಾನೆಗೆ ತಂದರು. ಏನು ತಿಂದಿದ್ದಾನೆ, ಯಾವ ಗುಳಿಗೆ ತೆಗೆದುಕೊಂಡಿದ್ದಾನೆ ಎಂದು ಡಾಕ್ಟರು ಕೇಳುತ್ತಲೇ ಇದ್ದರು. ಓಡಿ ಬಂದ ಹೆಂಡತಿ ಗೋಡೆಗೆ ಆತು ನಿಂತಿದ್ದಳು. ಕೊನೆಗೆ, "ಮಜ್ಜಿಗ್ಯಾಗ ಪುಡಿ ಹಾಕತಿದ್ನಿರಿ," ಎಂದಳು.

ನಾನು ಖರೆ ಹೇಳಿದ ಮರುದಿನವೇ ಅವಳು ಅವ್ವನಿಗೆ ಹೇಳಿದ್ದಳು. ಅವ್ವ ರಾಮದುರ್ಗದ ಕಡೆಯ ನೆಂಟರಿಗೆ ಹೇಳಿ, ಯಾರೋ ಕೊಡುವ ಪುಡಿ ತರಿಸಿದ್ದಳು. ಕುಡಿಯುವವನಿಗೆ ಗೊತ್ತಾಗದ ಹಾಗೆ ಹಾಕಬೇಕಂತೆ, ಗೊತ್ತಾದರೆ ಗುಣ ಹೋಗುತ್ತದಂತೆ. ಮೊದಲೆಲ್ಲ ಚಿಟಿಕೆಯಷ್ಟೇ ಹಾಕುತ್ತಿದ್ದವರು ಆ ದಿನ ಹೆಚ್ಚು ಹಾಕಿದ್ದರಂತೆ. ಅದರಲ್ಲಿ ಏನಿತ್ತೋ ದೇವರಿಗೇ ಗೊತ್ತು, ಇನ್ನಷ್ಟು ಕುಡಿದಿದ್ದರೆ ಜೀವವೇ ಹೋಗುತ್ತಿತ್ತು ಎಂದು ಡಾಕ್ಟರು ಹೆಂಡತಿಗೂ ಅವಳ ಹಿಂದೆಯೇ ಬಂದ ಅವ್ವನಿಗೂ ಚೆನ್ನಾಗಿ ಬೈದರು. ಅವ್ವ ಮಾತ್ರ ಜಗ್ಗಲಿಲ್ಲ. "ಪುಡೀನ ಕೆಲಸ ಮಾಡೇತಿ ನೋಡ. ಕಡಿಮಿ ಆಗಿದ್ದ ಅದರಿಂದನ," ಎಂದಳು.

ಆ ಮಾತು ನನ್ನನ್ನು ಸುಟ್ಟುಬಿಟ್ಟಿತು. ಹಲ್ಲು ಕಚ್ಚಿದವನು ನಾನು, ಹೆಸರು ಪುಡಿಗೆ. ದನಕ್ಕೆ ಔಷಧಿ ಕುಡಿಸುವಾಗಲೂ ಬಿದಿರಿನ ಗೊಟ್ಟವನ್ನು ಅದರ ಕಣ್ಣೆದುರೇ ಬಾಯಿಗೆ ಇಡುತ್ತಾರೆ. ನನಗೆ ಅಷ್ಟೂ ಮರ್ಯಾದೆ ಇರಲಿಲ್ಲ. ಅಂದಿನಿಂದ ಮನೆಯಲ್ಲಿ ಮಜ್ಜಿಗೆ ಮುಟ್ಟಲಿಲ್ಲ, ಹೆಂಡತಿಯೊಡನೆ ಮಾತೂ ಬಿಟ್ಟೆ. ಅಳತೆಯನ್ನು ಮಾತ್ರ ಬಿಡಲಿಲ್ಲ, ಛಲಕ್ಕೆ ಬಿದ್ದು ಇನ್ನೂ ಇಳಿಸಿದೆ.

ಹಾಗಿರುವಾಗ, ಅವ್ವನ ಬಾಯಿಂದ ಪುಡಿಯ ಸುದ್ದಿ ಕೇಳಿದ ಓಣಿಯ ಹೆಂಗಸೊಬ್ಬಳು ಬಂದು ಪಡಸಾಲೆಯಲ್ಲಿ ಕುಳಿತಳು. "ನಮ್ಮನಿಯವರಿಗೂ ಪಿತ್ತ ಭಾಳ ಆಗೇತಿರಿ. ಆ ಪುಡಿ ಎಲ್ಲಿ ಸಿಗತೈತಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಒಳಕೋಣೆಯಲ್ಲಿದ್ದ ನಾನು ಕಿವಿಗೊಟ್ಟೆ.

"ಪುಡಿ ಬ್ಯಾಡರೀ ಯಕ್ಕಾ, ಜೀವಕ್ಕ ಕುತ್ತ ತರತೈತಿ," ಎಂದಳು ಹೆಂಡತಿ.

"ಮತ್ತ ಇವರದು ಕಡಿಮಿ ಆಗೇತಂತಲ್ಲ?"

"ಆಗೇತಿ ಅಂತಾರ. ನನಗ ಗೊತ್ತಿಲ್ಲ."

ಬಂದವಳು ಹೋಗುವುದನ್ನೇ ಕಾದಿದ್ದು ಹೊರಗೆ ಬಂದೆ. "ಗೊತ್ತಿಲ್ಲ ಅಂದ್ರ ಏನು? ನಾ ಸುಳ್ಳ ಹೇಳಾಕತ್ತೇನೇನು?" ಎಂದು ಕೇಳಿದೆ.

ಅವಳೂ ಆ ದಿನ ತಡೆದುಕೊಳ್ಳಲಿಲ್ಲ. "ನೀವು ಕುಡಿಯೂದು ನಾ ಒಂದ ದಿನಾನೂ ಕಣ್ಣಿಲೆ ನೋಡಿಲ್ಲ. ಕಡಿಮಿ ಆಗಿದ್ದ ಹೆಂಗ ನೋಡ್ಲಿ? ಬಾಯಾಗ ಬಡೇಸೋಪ ಹಾಕ್ಕೊಂಡ ಬರತಿದ್ರಿ, ಈಗೂ ಹಂಗ ಬರತೀರಿ. ನನಗ ಏನ ತಿಳೀಬೇಕು?"

ಬಾಟಲಿ ಎಂದೂ ದಾಟದ ಹೊಸ್ತಿಲು ನಮ್ಮದು. ಆ ಹೊಸ್ತಿಲೊಳಗೆ ನಾನು ಎಷ್ಟು ಗೆದ್ದರೂ ಯಾರಿಗೂ ಕಾಣುವ ಹಾಗಿರಲಿಲ್ಲ. ಇದಕ್ಕೆ ಯಾರನ್ನು ಬೈಯಬೇಕೋ ತಿಳಿಯದೆ ಸಿಟ್ಟು ಇನ್ನೂ ಏರಿತು.

"ಹಂಗಾದ್ರ ನಾಳೆ ಸವದತ್ತಿಗೆ ನನ್ನ ಜೋಡಿ ಬಾ. ಆ ಸಲಹಾ ಕೊಡೂ ಬಾಯಾರ ಮುಂದ ಕುಂದರು. ಎಲ್ಲಾ ನಿನ್ನ ಮುಂದನ ಹೇಳತೇನಿ."

"ಬಸ್ಸಿನ್ಯಾಗ ಯಾರರೆ ಭೇಟಿ ಆಗಿ ಎಲ್ಲಿಗೆ ಹೊಂಟೀರಿ ಅಂದ್ರ ಏನ ಹೇಳ್ಲಿ?"

"ನನ್ನ ಗಂಡ ಕುಡೀತಾನ, ದವಾಖಾನಿಗೆ ಹೊಂಟೇವಿ ಅಂತ ಹೇಳು," ಎಂದು ಒದರಿದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಒಳಗೆ ಅವ್ವನ ಪೂಜೆಯ ಗಂಟೆ ನಿಂತಿತು. ಎದುರು ಕಟ್ಟೆಯ ಮೇಲೆ ಕುಳಿತಿದ್ದವರು ಮಾತು ಬಿಟ್ಟು ನಮ್ಮ ಮನೆಯತ್ತ ತಿರುಗಿದರು.

ನಮ್ಮ ಮನೆಯಲ್ಲಿ ದನಿ ಸ್ವಲ್ಪ ಏರಿದರೂ ಓಡಿಹೋಗಿ ಬೀದಿಬಾಗಿಲು ಹಾಕುವವಳು ಹೆಂಡತಿಯೇ. ಅಂದು ಅವಳು ಎದ್ದಳು, ಬಾಗಿಲವರೆಗೆ ಹೋದಳು, ಕಟ್ಟೆಯ ಮೇಲಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಬಾಗಿಲು ಹಾಕಲಿಲ್ಲ.

"ಎಷ್ಟರ ಬಸ್ಸು?" ಎಂದು ಅಲ್ಲಿಂದಲೇ ಕೇಳಿದಳು.