ಉಂಗುರದ ಸದ್ದು

ಚನ್ನರಾಯಪಟ್ಟಣದ ಆ ಕೀಬೋರ್ಡ್ ನುಡಿಸುವವನು ಯಾರ ಮುಖವನ್ನೂ ನೋಡಿ ಮಾತನಾಡುತ್ತಿರಲಿಲ್ಲ. ಕರವಸ್ತ್ರದಿಂದ ಕೀಗಳನ್ನು ಒರೆಸುತ್ತಾ, "ಎಲ್ಲಾ ಇದ್ರೊಳ್ಗೇ ಅದೆ ಕಣ್ಲಾ" ಎನ್ನುತ್ತಿದ್ದ.

೨೦೦೧ರ ಯುಗಾದಿಗೆ ಮುಂಚೆ ಆ ಕೀಬೋರ್ಡ್ ಹೊತ್ತು ನಮ್ಮ ಮನೆಗೆ ಬಂದ. ಅವನ ಆರ್ಕೆಸ್ಟ್ರಾದಲ್ಲಿ ಢೋಲಕ್ ಬಾರಿಸುತ್ತಿದ್ದ ನನ್ನ ಅಣ್ಣನ ಮುಂದೆ ಕೀಬೋರ್ಡಿಗೆ ಸಿಕ್ಕಿಸಿದ ಮೈಕ್ ಹಿಡಿದು, "ಸುಮ್ನೆ ಟೆಸ್ಟಿಂಗು, ಒಸಿ ಬಾರ್ಸ್ಲಾ" ಎಂದ. ಅಣ್ಣ ಮಧ್ಯಾಹ್ನವಿಡೀ ಬಾರಿಸಿದ. ಅವ್ವ ಇಬ್ಬರಿಗೂ ಊಟ ಬಡಿಸಿದಳು. ಆಮೇಲೆ ಅವನು ಅಣ್ಣನನ್ನು ಕರೆಯಲೇ ಇಲ್ಲ. ನನ್ನ ಡೈರಿಯಲ್ಲಿ ಅಣ್ಣನ ಕಾರ್ಯಕ್ರಮಗಳನ್ನು ಬರೆಯುತ್ತಿದ್ದ ಪುಟ ಆ ಮದುವೆ ಕಾಲವಿಡೀ ಖಾಲಿ.

ಮೇ ತಿಂಗಳಲ್ಲಿ ಹೊಳೆನರಸೀಪುರಕ್ಕೆ ನೆಂಟರ ಮದುವೆಗೆ ಹೋದೆವು. ವೇದಿಕೆಯಲ್ಲಿ ಕೀಬೋರ್ಡಿನ ಮುಂದೆ ಅವನೊಬ್ಬನೇ ಇದ್ದ. ಆದರೂ ಅವನು ಕೀ ಒತ್ತಿದಂತೆಲ್ಲ ಢೋಲಕ್ ಕೇಳುತ್ತಿತ್ತು. ಅಣ್ಣನ ತಾಮ್ರದ ಉಂಗುರ ಢೋಲಕ್ಕಿನ ಅಂಚಿಗೆ ತಾಗಿದಾಗ ಬರುವ 'ಟಿಣ್' ಸದ್ದೂ ಕೇಳುತ್ತಿತ್ತು.

ಹಾಡು ಮುಗಿಯುತ್ತಲೇ ಅಣ್ಣ ವೇದಿಕೆ ಹತ್ತಿದ. "ಅದು ನನ್ ಕೈ ಅಲ್ವಾ ಅಣ್ಣೋ?"

"ಊಂ ಕಣ್ಲಾ. ಆದ್ರೆ ಉಂಗ್ರದ ಸದ್ದೂ ಬಂದ್ಬುಟ್ಟದೆ. ನಾಳೆ ಬತ್ತೀನಿ, ಅದ ಬಿಚ್ಚಿಟ್ಟು ಇನ್ನೊಂದ್ಸಲ ಬಾರ್ಸ್ಕೊಡು."

ಮರುದಿನ ಮೈಕ್ ಹಿಡಿದು ನಿಜವಾಗಿಯೂ ಬಂದ. ಅಣ್ಣ ಎದ್ದು ಬರುವುದರೊಳಗೆ ನಾನು ಬಂದವನ ಮುಖದ ಮೇಲೇ ಬಾಗಿಲು ಹಾಕಿ ಅಗುಳಿ ಜಡಿದೆ.