ಸೂಜಿ ಬಿಟ್ಟು ಎಂಜಲು ಹಿಡಿದ ಹಫ್ಸ

ನರಿಕೊಂಬಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ಕೂಟರ್ ನಿಲ್ಲಿಸಿ ಹಫ್ಸ ಅಂಗಳಕ್ಕೆ ಬರುವಾಗ ನೀಲಾವತಿ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ಜಗಲಿಯ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಒಳಗಿರುವುದು ಅವರದೇ ಜೊಲ್ಲು. ಎಂಜಲನ್ನು ಇನ್ನೊಬ್ಬರ ಕೈಗೆ ಕೊಡಲು ಎರಡು ವರ್ಷವಾದರೂ ಅವರಿಗೆ ಸಂಕೋಚ. ಹಫ್ಸ ಕೈಗವಸು ತೊಟ್ಟು ಅದನ್ನು ಎತ್ತಿ ಐಸ್ ಪೆಟ್ಟಿಗೆಗೆ ಇಳಿಸುತ್ತಾರೆ. ಹಲ್ಲುಜ್ಜಿಲ್ಲ, ಚಾ ಕುಡಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕುಶಲ ವಿಚಾರಣೆ.

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸರು ಎಷ್ಟು ಒತ್ತಡದಲ್ಲಿದ್ದಾರೆಂದು ಮೂಡುಬಿದಿರೆಯ ಪ್ರಯೋಗಾಲಯವೊಂದು ಅಳೆಯುತ್ತಿದೆ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ರಕ್ತದಲ್ಲಷ್ಟೇ ಅಲ್ಲ, ಜೊಲ್ಲಿನಲ್ಲೂ ಸಿಗುತ್ತದೆ. ಎದ್ದ ಅರ್ಧ ಗಂಟೆಯಲ್ಲಿ ಏರಿ, ಮಲಗುವ ಹೊತ್ತಿಗೆ ಇಳಿಯುವುದು ಅದರ ಕ್ರಮ. ಒಂದು ಚಮಚವೂ ಇಲ್ಲದ ಎಂಜಲು ಒಬ್ಬ ಹೆಂಗಸಿನ ಇಡೀ ದಿನವನ್ನು ಹೇಳಿಬಿಡುತ್ತದೆ ಎಂದರೆ ಬೆರಗಾಗದೆ ಇರಲು ಸಾಧ್ಯವಿಲ್ಲ.

ಗುರುವಾಯನಕೆರೆಯ ಹಫ್ಸ ಹನ್ನೊಂದು ವರ್ಷ ಲ್ಯಾಬೊಂದರಲ್ಲಿ ರಕ್ತ ತೆಗೆದವರು. "ಸೂಜಿ ಕಂಡ್ರೇ ಕೆಲವರ ಎದೆ ಹೊಡ್ಕೊಳ್ತದೆ. ಮತ್ತೆ ನಾವು ಅಳೆಯುವುದು ಅವರ ಚಿಂತೆಯನ್ನಾ, ಸೂಜಿಯ ಹೆದರಿಕೆಯನ್ನಾ?" ಎನ್ನುತ್ತಾರೆ. ಈಗ ಮೂಡುಬಿದಿರೆಯ ಲ್ಯಾಬಿಗಾಗಿ ದಿನಕ್ಕೆ ಒಂಬತ್ತು ಮನೆ, ಮನೆಗೆ ನಾಲ್ಕು ಕೊಳವೆ. ಬೆಳಗಿನದನ್ನು ಇವರೇ ಒಯ್ಯುತ್ತಾರೆ, ಉಳಿದವನ್ನು ಮನೆಯವರು ತುಂಬಿ ಫ್ರಿಜ್ಜಿನಲ್ಲಿಡಬೇಕು. ಊರಿನಲ್ಲಿ 'ಉಗುಳು ಹಫ್ಸ' ಎಂಬ ಅಡ್ಡಹೆಸರೂ ಬಿದ್ದಿದೆ. ಕೇಳಿಸಿಕೊಂಡು ನಗುತ್ತಾರೆ.

ಕಳೆದ ವರ್ಷ ಒಮ್ಮೆ ಆ ನಗು ನಿಂತಿತ್ತು. ನೀಲಾವತಿಯ ನಾಲ್ಕೂ ಕೊಳವೆಗಳಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ. ನಾಲ್ಕನ್ನೂ ಒಂದೇ ಹೊತ್ತಿಗೆ ತುಂಬಿಸಿ ತಂದಿದ್ದೀರಿ ಎಂದು ಲ್ಯಾಬಿನವರು ಅನುಮಾನಪಟ್ಟರು. ಜೊಲ್ಲನ್ನು ನಂಬುವಂತಿಲ್ಲ, ಎಲ್ಲರಿಗೂ ಮತ್ತೆ ಸೂಜಿಯೇ ಸರಿ ಎಂಬ ಮಾತೂ ಬಂತು. ಹಫ್ಸ ರಜೆ ಹಾಕಿ, ಬೆಳಗಿನಿಂದ ಕತ್ತಲಾಗುವವರೆಗೆ ನೀಲಾವತಿಯ ಮನೆಯಲ್ಲೇ ಕೂತು ಕಣ್ಣೆದುರೇ ಕೊಳವೆ ತುಂಬಿಸಿದರು. ಆಗಲೂ ಅಂಕಿ ಅಲುಗಲಿಲ್ಲ.

ಆದರೆ ಗುಟ್ಟು ಅಂದೇ ಸಿಕ್ಕಿತ್ತು. ಫಾರ್ಮಿನಲ್ಲಿ 'ಎದ್ದ ಸಮಯ' ಎಂಬ ಕಾಲಂ ಬಂದಾಗ ನೀಲಾವತಿ ಒಳಕೋಣೆಯ ಮಂಚದತ್ತ ನೋಡಿದರು. ಬೆನ್ನುಮೂಳೆ ಮುರಿದು ಮಲಗಿರುವ ಗಂಡ ಸಂಕಪ್ಪರಿಗೆ ಹುಣ್ಣಾಗಬಾರದೆಂದು ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂರು ವರ್ಷಗಳಿಂದ ಅದೇ ಪಾಡು. ಹೇಳಿಕೊಳ್ಳಲು ನಾಚಿ ಪ್ರತಿಸಲ ಆರು ಗಂಟೆ ಎಂದು ಬರೆಸುತ್ತಿದ್ದರು. "ಮಲಗಿದ್ರೆ ಅಲ್ವಾ ಹಫ್ಸ, ಏಳುವುದು?" ಎಂದರು.

ಹಫ್ಸ ಆ ಮಾತನ್ನು ಹಾಗೆಯೇ ಫಾರ್ಮಿನ ಅಂಚಿನಲ್ಲಿ ಬರೆದು ಕೊಟ್ಟರು. ಲ್ಯಾಬಿನವರು ನೀಲಾವತಿಯ ರಕ್ತವನ್ನೂ ಜೊಲ್ಲನ್ನೂ ಒಂದೇ ಹೊತ್ತಿಗೆ ತೆಗೆದು ಹೋಲಿಸಿದರು. ಎರಡೂ ಒಂದೇ ಕಥೆ ಹೇಳಿದವು. ಸೂಜಿಯ ಮಾತು ಅಲ್ಲಿಗೇ ಬಿದ್ದುಹೋಯಿತು. ಆಮೇಲೆ ಹಫ್ಸ ಬೆನ್ನುಬಿಡದೆ ಹೇಳಿ, ನೀಲಾವತಿಯ ನಾದಿನಿಯ ಮಗಳು ಅಕ್ಷಿತಾ ವಾರಕ್ಕೆ ಎರಡು ರಾತ್ರಿ ಬಂದು ಇರುವಂತೆ ಮಾಡಿದರು.

ಕಳೆದ ಬುಧವಾರ ಹಫ್ಸ ಬಂದಾಗ ನೀಲಾವತಿ ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಲು ಹೊರಟ ಅಕ್ಷಿತಾಳನ್ನು ಹಫ್ಸ ತಡೆದರು. ಕಾದರೆ ಉಳಿದ ಎಂಟು ಮನೆಗಳ ಹೊತ್ತು ಮೀರುತ್ತಿತ್ತು, ಹಾಗಾಗಿ ಬರಿಗೈಯಲ್ಲಿ ಹೊರಟರು. ಲ್ಯಾಬಿನಲ್ಲಿ ಕಾರಣ ಕೇಳಿದರಂತೆ.

"ನಿದ್ದೆ ಮಾಡ್ತಿದ್ರು ಅಂತ ಬರೆದೆ. ಎರಡು ವರ್ಷದಲ್ಲಿ ನಾನು ಕೊಟ್ಟದ್ದರಲ್ಲಿ ಅದಕ್ಕಿಂತ ಒಳ್ಳೆಯ ರಿಪೋರ್ಟ್ ಇಲ್ಲ ಮಾರಾಯ್ರೆ."